ಕೆಟ್ಟ ಹಾರ್ಡ್ ಡಿಸ್ಕಿನಿಂದ ಅಜ್ಜಿಯ ಪದಗಳನ್ನು ತೆಗೆದದ್ದು



ಹೋದ ಸಂಚಿಕೆಯಲ್ಲಿ ಬೋರ್‌ವೆಲ್ ಮೋಟರಿನ ಬಗ್ಗೆ ಬಂದ ಲೇಖನ ಓದಿದ ಮೇಲೆ ನನಗೂ ಬರೆಯುವ ಆಸೆಯಾಯಿತು. ದಸರಾ ರಜೆಯಲ್ಲಿ ನಮ್ಮ ಚಿಕ್ಕಪ್ಪನ ಹೊರಗಿನ ಹಾರ್ಡ್ ಡಿಸ್ಕ್ (ವೈರಿನಲ್ಲಿ ಸಿಕ್ಕಿಸುವ, ಪಂಚಾಂಗದಷ್ಟು ಗಾತ್ರದ ಪೆಟ್ಟಿಗೆ) ಕೆಟ್ಟುಹೋಯಿತು. ಅದನ್ನು ಹೇಗೆ ಪರೀಕ್ಷೆ ಮಾಡಿದೆವು, ಒಳಗಿದ್ದದ್ದನ್ನು ಹೇಗೆ ಹೊರಗೆ ತೆಗೆದೆವು ಅನ್ನೋದೇ ನನ್ನ ಪಾಠ.

ಚಿಕ್ಕಪ್ಪ ಮದುವೆಗಳಿಗೆ ಫೋಟೋ ತೆಗೆಯುತ್ತಾರೆ. ಆ ಡಿಸ್ಕಿನಲ್ಲಿ ಪಕ್ಕದ ಊರಿನ ಒಂದು ಮದುವೆಯ ಫೋಟೋಗಳಿದ್ದವು, ಆಲ್ಬಮ್ ಇನ್ನೂ ಕೊಟ್ಟಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ ನಮ್ಮಜ್ಜಿ ಹಾಡಿದ 14 ಬೀಸುವ ಪದಗಳಿದ್ದವು. ಅಜ್ಜಿ 2021ರಲ್ಲಿ ತೀರಿಕೊಂಡರು. ಚಿಕ್ಕಪ್ಪ ಪದಗಳನ್ನು ಡಿಸ್ಕಿಗೆ ಹಾಕಿ, ಜಾಗ ಸಾಲದು ಅಂತ ಮೊಬೈಲಿನಿಂದ ಅಳಿಸಿಬಿಟ್ಟಿದ್ದರು. ಬೇರೆ ಎಲ್ಲೂ ಪ್ರತಿ ಇರಲಿಲ್ಲ.

ಒಂದು ದಿನ ಡಿಸ್ಕ್ ಹಾಕಿದರೆ ಕಂಪ್ಯೂಟರ್ ಸುಮಾರು ಹೊತ್ತು ನಿಂತೇ ಹೋಯಿತು. ಆಮೇಲೆ ‘ಈ ಡಿಸ್ಕನ್ನು ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು, ಮಾಡಲೇ?’ ಅಂತ ಕೇಳಿತು. ತಾಲ್ಲೂಕಿನ ಒಂದು ಅಂಗಡಿಗೆ ಫೋನ್ ಮಾಡಿದರೆ, “ಫಾರ್ಮ್ಯಾಟ್ ಹೊಡೀರಿ, ಸರಿ ಹೋಗುತ್ತೆ. ಇಲ್ದಿದ್ರೆ ಒಂದು ರಾತ್ರಿ ಫ್ರಿಜ್ಜಲ್ಲಿ ಇಡಿ” ಅಂದರು. ಚಿಕ್ಕಪ್ಪ ಒತ್ತಲು ಹೋದಾಗ ನಾನೇ ತಡೆದು, ತುಮಕೂರಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಭಾವನಿಗೆ ಕೇಳೋಣ ಅಂದೆ. ಭಾವ ಫೋನಿನಲ್ಲೇ ಕೂಗಿದರು: “ಮಾವ, ಏನನ್ನೂ ಒತ್ತಬೇಡಿ! ಮೊದಲು ಕಂಪ್ಯೂಟರ್ ಆರಿಸಿ!”

ಯಾಕೆ ಅಂತ ತಿಳಿಯಲು ಡಿಸ್ಕಿನ ಒಳಗೆ ಏನಿದೆ ಅಂತ ಗೊತ್ತಿರಬೇಕು. ಗಾಜಿನ ಅಥವಾ ಅಲ್ಯೂಮಿನಿಯಂನ ತಟ್ಟೆಗಳಿಗೆ ಕಾಂತೀಯ ಲೇಪ ಹಾಕಿರುತ್ತಾರೆ. ಇಂಥ ಚಿಕ್ಕ ಡಿಸ್ಕುಗಳಲ್ಲಿ ತಟ್ಟೆ ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು, ಅಂದರೆ ಸೆಕೆಂಡಿಗೆ 90 ಸುತ್ತು ತಿರುಗುತ್ತದೆ. ಓದುವ ‘ಹೆಡ್’ ತಟ್ಟೆಯನ್ನು ಮುಟ್ಟುವುದಿಲ್ಲ. ಗಾಳಿಯ ಪದರದ ಮೇಲೆ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲುತ್ತದೆ. ನಮ್ಮ ತಲೆಕೂದಲಿನ ದಪ್ಪ ಇದರ ಸಾವಿರಾರು ಪಟ್ಟು! ಹಾಗಾಗಿ ಮುಚ್ಚಳ ಬಿಚ್ಚಿದರೆ ಒಂದು ಕಣ ಧೂಳು ಸಾಕು ತಟ್ಟೆ ಗೀರಲು. ಫ್ರಿಜ್ಜಿನಲ್ಲಿಟ್ಟು ತೆಗೆದರೆ ಒಳಗೆ ತೇವ ಕೂರುತ್ತದೆ. ಅಂಗಡಿಯವರ ಸಲಹೆ ಕೇಳಿ ಭಾವ ನಕ್ಕುಬಿಟ್ಟರು. (1956ರಲ್ಲಿ ಐಬಿಎಂ ಮಾಡಿದ ಮೊದಲ ಹಾರ್ಡ್ ಡಿಸ್ಕಿನಲ್ಲಿ ಎರಡು ಅಡಿ ಅಗಲದ 50 ತಟ್ಟೆಗಳಿದ್ದವಂತೆ. ಹಿಡಿಯುತ್ತಿದ್ದದ್ದು 50 ಲಕ್ಷ ಅಕ್ಷರ ಮಾತ್ರ. ಚಿಕ್ಕಪ್ಪನ ಪುಟ್ಟ ಡಿಸ್ಕು ಅದರ ಎರಡು ಲಕ್ಷ ಪಟ್ಟು ಹಿಡಿಯುತ್ತದೆ.)

ಮೊದಲ ಪರೀಕ್ಷೆ ಕಿವಿಯದು. ಡಿಸ್ಕ್ ಹಾಕಿ ಹತ್ತಿರ ಕಿವಿಯಿಟ್ಟು ಕೇಳು ಅಂದರು ಭಾವ. ಟಿಕ್, ಟಿಕ್, ಟಿಕ್ ಅಂತ ಒಂದೇ ಸಮನೆ ಬಡಿದರೆ ಹೆಡ್ ಹಾಳಾಗಿದೆ ಅಂತ ಲೆಕ್ಕ. ಆಗ ತಕ್ಷಣ ಕಿತ್ತು, ಧೂಳಿಲ್ಲದ ಕೋಣೆ ಇರುವ ದೊಡ್ಡ ಪ್ರಯೋಗಾಲಯಕ್ಕೇ ಕಳಿಸಬೇಕು. ಅದಕ್ಕೆ ಬಹಳ ಖರ್ಚು. ನಮ್ಮದು ಬೀಸುವ ಕಲ್ಲಿನ ಹಾಗೆ ಸಮವಾಗಿ ತಿರುಗುತ್ತಿತ್ತು, ಮಧ್ಯೆ ಮಧ್ಯೆ ಮಾತ್ರ ಕರ್ ಅಂತಿತ್ತು. ಅಷ್ಟು ಕೇಳಿ ನನಗೆ ಜೀವ ಬಂತು.

ಎರಡನೆಯದು ವೈರ್. ಡಿಸ್ಕ್ ಕೆಟ್ಟಿದೆ ಅಂತ ತರುವವುಗಳಲ್ಲಿ ಕೆಲವಕ್ಕೆ ವೈರ್ ಬದಲಿಸಿದರೇ ಸಾಕಾಗುತ್ತದಂತೆ. ಉದ್ದನೆಯ ತೆಳು ವೈರಿನಲ್ಲಿ ಕರೆಂಟು ಸಾಲುವುದಿಲ್ಲ. ಗಿಡ್ಡ ವೈರ್ ತಂದು ಕಂಪ್ಯೂಟರಿನ ಹಿಂಭಾಗದ ಕಿಂಡಿಗೆ ಹಾಕಿದೆವು. ಡಿಸ್ಕಿನ ಅಳತೆ 931 ಅಂತ ಸರಿಯಾಗಿ ತೋರಿಸಿತು, ಆದರೆ ಫಾರ್ಮ್ಯಾಟ್ ಪ್ರಶ್ನೆ ಹೋಗಲಿಲ್ಲ. ಒಂದು ಟೆರಾಬೈಟ್ ಅಂದರೆ 1000 ಇರಬೇಕಲ್ಲ, 69 ಎಲ್ಲಿ ಹೋಯಿತು ಅಂತ ಕೇಳಿದೆ. ಕಂಪನಿಯವರು 1000ದ ಲೆಕ್ಕದಲ್ಲಿ ಮಾರುತ್ತಾರೆ, ಕಂಪ್ಯೂಟರ್ 1024ರ ಲೆಕ್ಕದಲ್ಲಿ ಎಣಿಸುತ್ತದೆ. ಗಣಿತದ ಮೇಷ್ಟ್ರು ಬೇಕಾದರೆ ಇದನ್ನು ಪರೀಕ್ಷೆಗೆ ಕೊಡಬಹುದು: 1ರ ಮುಂದೆ 12 ಸೊನ್ನೆ ಹಾಕಿ, 1024ರಿಂದ ಮೂರು ಸಲ ಭಾಗಿಸಿ.

ಮೂರನೆಯದು ಡಿಸ್ಕಿನದೇ ಡೈರಿ. ಪ್ರತಿ ಡಿಸ್ಕೂ ತನ್ನ ಆರೋಗ್ಯ ಬರೆದಿಟ್ಟುಕೊಳ್ಳುತ್ತದೆ, ಅದಕ್ಕೆ ‘ಸ್ಮಾರ್ಟ್’ ಅಂತ ಹೆಸರು. ಕ್ರಿಸ್ಟಲ್ ಡಿಸ್ಕ್ ಇನ್ಫೋ ಎಂಬ ಉಚಿತ ತಂತ್ರಾಂಶದಲ್ಲಿ ನೋಡಿದರೆ ಹಳದಿ ಬಣ್ಣದಲ್ಲಿ ಎಚ್ಚರಿಕೆ ಬಂತು. ಓದಲಾಗದೆ ಕಾಯುತ್ತಿರುವ ಜಾಗಗಳು ಬಹಳ ಇದ್ದವು. ಅಂದರೆ ತಟ್ಟೆಯೇ ಅಲ್ಲಲ್ಲಿ ಸವೆಯುತ್ತಿದೆ.

ಶನಿವಾರದ ಬಸ್ಸಿಗೆ ಭಾವ ಬಂದರು, ಜೊತೆಗೆ 2 ಟೆರಾಬೈಟಿನ ಖಾಲಿ ಡಿಸ್ಕ್ ತಂದಿದ್ದರು. ವಿಂಡೋಸ್‌ನಲ್ಲೇ ‘ದೋಷ ಸರಿಪಡಿಸು’ ಅನ್ನೋ ಆಜ್ಞೆ ಇದೆಯಲ್ಲ, ಅದನ್ನೇ ಕೊಟ್ಟರೆ ಆಗಲ್ವಾ ಅಂತ ಚಿಕ್ಕಪ್ಪ ಕೇಳಿದರು. ಭಾವ ಹೇಳಿದ್ದು: “ಗೆದ್ದಲು ತಿಂದ ಹಳೇ ಖಾತೆ ಪುಸ್ತಕ ಇದೆ ಅಂದ್ಕೊಳ್ಳಿ ಮಾವ. ಅದರ ಮೇಲೇ ಅಳಿಸಿ ತಿದ್ದೋದಾ? ಮೊದಲು ಪ್ರತಿ ಎತ್ತಿಕೊಂಡು, ಆ ಪ್ರತೀನ ತಿದ್ದೋಣ.” ವಿಂಡೋಸ್ ತಾನಾಗಿಯೇ ರೋಗಿ ಡಿಸ್ಕನ್ನು ಕೆದಕುತ್ತಿರುತ್ತದೆ ಅಂತ ಪೆನ್ ಡ್ರೈವಿನಿಂದ ಲಿನಕ್ಸ್ ಶುರು ಮಾಡಿದರು. ಅದರಲ್ಲಿ ಡಿಡಿ-ರೆಸ್ಕ್ಯೂ ಎಂಬ ತಂತ್ರಾಂಶ. ಇದರ ಬುದ್ಧಿ ನನಗೆ ತುಂಬಾ ಹಿಡಿಸಿತು. ಕೆಟ್ಟ ಜಾಗ ಬಂದರೆ ಅಲ್ಲೇ ಒದ್ದಾಡುವುದಿಲ್ಲ, ಹಾರಿ ಮುಂದೆ ಹೋಗುತ್ತದೆ. ಚೆನ್ನಾಗಿರುವುದನ್ನೆಲ್ಲಾ ಮೊದಲು ಎತ್ತಿಕೊಂಡು, ಕಷ್ಟದ ಜಾಗಕ್ಕೆ ಆಮೇಲೆ ಮರಳಿ ಬರುತ್ತದೆ. ನಾವು ಪರೀಕ್ಷೆಯಲ್ಲಿ ಗೊತ್ತಿರುವ ಪ್ರಶ್ನೆ ಮೊದಲು ಬರೆಯೋಲ್ಲವೇ, ಹಾಗೆ.

ಒಂದೇ ಭಯ, ಯಾವುದರಿಂದ ಯಾವುದಕ್ಕೆ ಅನ್ನೋದು ತಿರುಗಮುರುಗ ಆದರೆ ಖಾಲಿ ಡಿಸ್ಕ್ ಬಂದು ತುಂಬಿದ ಡಿಸ್ಕಿನ ಮೇಲೆ ಕೂರುತ್ತದೆ. ಅದಕ್ಕೆ ಚಿಕ್ಕಮ್ಮ ಹಳೇ ಡಿಸ್ಕಿಗೆ ಕೆಂಪು ದಾರ ಕಟ್ಟಿದರು. ಭಾವ ಬರೆದ ಆಜ್ಞೆಯನ್ನು ನಾನು ಎರಡು ಸಲ ಗಟ್ಟಿಯಾಗಿ ಓದಿದ ಮೇಲೇ ಒತ್ತಿದ್ದು.

ಸೆಕೆಂಡಿಗೆ 30 ಮೆಗಾಬೈಟಿನಂತೆ ಒಂಬತ್ತು ಗಂಟೆ ಸಾಕು ಅಂತ ಲೆಕ್ಕ ಹಾಕಿದ್ದೆ. ಹಿಡಿದದ್ದು ಮೂರು ದಿನ. ನಡುವೆ ಎರಡು ಸಲ ಕರೆಂಟು ಹೋಯಿತು. ಮೊದಲ ಸಲ ನಾನು ಅತ್ತೇಬಿಟ್ಟೆ. ಆದರೆ ಎಲ್ಲಿವರೆಗೆ ಓದಿದೆ ಅನ್ನೋದನ್ನು ಅದು ಒಂದು ನಕ್ಷೆಯ ಫೈಲಿನಲ್ಲಿ ಬರೆದಿಟ್ಟಿರುತ್ತದೆ, ಕರೆಂಟು ಬಂದ ಮೇಲೆ ಬಿಟ್ಟ ಜಾಗದಿಂದಲೇ ಮುಂದುವರಿಯಿತು. ಡಿಸ್ಕ್ ಬಿಸಿಯಾಗದಂತೆ ಟೇಬಲ್ ಫ್ಯಾನ್ ಇಟ್ಟಿದ್ದೆವು. ಕೊನೆಗೆ 60 ಮೆಗಾಬೈಟಿನಷ್ಟು ಮಾತ್ರ ಓದಲಾಗದೆ ಉಳಿಯಿತು.

ಹಳೇ ಡಿಸ್ಕನ್ನು ತೆಗೆದಿಟ್ಟು, ಪ್ರತಿಯ ಮೇಲೆ ಟೆಸ್ಟ್‌ಡಿಸ್ಕ್ ನಡೆಸಿದಾಗ ಮದುವೆ ಫೋಟೋಗಳೆಲ್ಲಾ ಹೆಸರಿನ ಸಮೇತ ಸಿಕ್ಕವು. ಅಜ್ಜಿಯ ಫೋಲ್ಡರ್ ಮಾತ್ರ ಇಲ್ಲ! ಅದರ ವಿಳಾಸ ಬರೆದಿದ್ದ ಜಾಗವೇ ಹೋಗಿತ್ತು. ಆಗ ಫೋಟೊರೆಕ್ ಹಾಕಿದರು. ಟೆಸ್ಟ್‌ಡಿಸ್ಕ್, ಫೋಟೊರೆಕ್ ಎರಡನ್ನೂ ಬರೆದವರು ಫ್ರಾನ್ಸಿನ ಕ್ರಿಸ್ಟೋಫ್ ಗ್ರೆನಿಯೆ, ಎರಡೂ ಉಚಿತ. ಫೋಟೊರೆಕ್ ಹೆಸರು, ವಿಳಾಸ ನೋಡುವುದೇ ಇಲ್ಲ. ಒಂದೊಂದು ಬಗೆಯ ಫೈಲಿಗೂ ಆರಂಭದಲ್ಲಿ ಒಂದು ಗುರುತಿರುತ್ತದೆ, ಅದನ್ನು ಹುಡುಕಿ ಹೆಕ್ಕುತ್ತದೆ. ಹಾಗಾಗಿ ಸಿಕ್ಕ 412 ಧ್ವನಿ ಫೈಲುಗಳಿಗೂ ಬರೀ ಅಂಕಿಯ ಹೆಸರು. ಸಿನಿಮಾ ಹಾಡು, ಮದುವೆಯ ವಾಲಗ, ಮತ್ತೆ ಸಿನಿಮಾ ಹಾಡು. ನಾನೂ ಚಿಕ್ಕಪ್ಪನೂ ರಾತ್ರಿಯೆಲ್ಲಾ ಒಂದೊಂದಾಗಿ ಕೇಳಿದೆವು. 137ನೆಯದು ಹಾಕಿದಾಗ ಅಜ್ಜಿ ಕೆಮ್ಮಿ, “ಶುರು ಮಾಡ್ಲೇನೋ?” ಅಂತ ಚಿಕ್ಕಪ್ಪನನ್ನು ಕೇಳಿದರು. ಚಿಕ್ಕಪ್ಪ ಎದ್ದು ಹೊರಗೆ ಹೋದರು.

14ರಲ್ಲಿ 11 ಪೂರ್ತಿ ಸಿಕ್ಕಿವೆ. ಎರಡು ಸಿಗಲೇ ಇಲ್ಲ. ಒಂದು ಅರ್ಧಕ್ಕೆ ನಿಂತಿದೆ, ತಂಗಿಯನ್ನು ತವರಿಗೆ ಕರೆಯಲು ಅಣ್ಣ ಬಂದು ಬಾಗಿಲಲ್ಲಿ ನಿಂತಿರುವಲ್ಲಿಗೆ. ಈಗ ಅವುಗಳ ಪ್ರತಿ ಚಿಕ್ಕಪ್ಪನ ಹೊಸ ಡಿಸ್ಕಿನಲ್ಲಿದೆ, ಭಾವನ ಹತ್ತಿರ ಇದೆ, ಶಾಲೆಯ ಕಂಪ್ಯೂಟರಿನಲ್ಲೂ ಹಾಕಲು ಮೇಷ್ಟ್ರು ಒಪ್ಪಿದ್ದಾರೆ. ಯಾರ ಮನೆಯಲ್ಲಾದರೂ ಆ ಪದದ ಉಳಿದ ಭಾಗ ಗೊತ್ತಿರುವ ಅಜ್ಜಿಯರಿದ್ದರೆ ದಯವಿಟ್ಟು 9ನೇ ತರಗತಿ ‘ಬಿ’ ವಿಭಾಗದಲ್ಲಿ ನನಗೆ ತಿಳಿಸಿ. ಚಿಕ್ಕಪ್ಪನ ಮೊಬೈಲ್ ತಗೊಂಡು ಭಾನುವಾರ ಬರುತ್ತೇನೆ.