ಕತ್ತಿ ಮಸೆಯುವುದು: ಮೊದಲ ಪಾಠ ಅಡುಗೆಮನೆಯ ಚಾಕುವಿನಿಂದ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಅಡಿಕೆ ಸುಲಿಯುವ ಕಾಲ ಬಂತೆಂದರೆ ಮೆಟ್ಟುಗತ್ತಿಗಳು ಹೊರಬರುತ್ತವೆ. ಸುಲಿಯುವ ಕೂಲಿ ಹೆಚ್ಚಾಗಿ ಅಳತೆಯ ಲೆಕ್ಕ. ಕತ್ತಿ ಮೊಂಡಾದರೆ ಅಳತೆ ತುಂಬುವುದಿಲ್ಲ, ಭುಜ ಸೋಲ್ತದೆ. ಒತ್ತಿ ಒತ್ತಿ ಕೈ ಜಾರಿದರೆ ಅಂಗೈಗೇ ಗಾಯ. ಹರಿತದ ಕತ್ತಿಗಿಂತ ಮೊಂಡು ಕತ್ತಿಗೇ ಹೆಚ್ಚು ಹೆದರಬೇಕು. ಆದರೆ ಮಸೆಯಲು ಬರುವವರು ಮನೆಗೊಬ್ಬರೂ ಇಲ್ಲ. ಕಲಿಯುವವರು ಮೆಟ್ಟುಗತ್ತಿಗೆ ಕೈ ಹಾಕುವ ಮೊದಲು ತರಕಾರಿ ಹೆಚ್ಚುವ ಹಳೇ ಚಾಕುವಿನಲ್ಲಿ ಕೈ ಪಳಗಿಸಿಕೊಳ್ಳುವುದು ಲೇಸು.

ಕಲ್ಲು ಯಾವುದು?

ನಮ್ಮ ಚಿರೆಕಲ್ಲು ಇದಕ್ಕೆ ಆಗುವುದಿಲ್ಲ. ಮೆದು, ಮೈತುಂಬ ತೂತು. ಹಾರ್ಡ್‌ವೇರ್ ಅಂಗಡಿಯ ಕಾರ್ಬೊರಂಡಂ ಕಲ್ಲು ಸಾಕು. ಮರಳು ಮತ್ತು ಕೋಕ್ ಕಲ್ಲಿದ್ದಲನ್ನು ವಿದ್ಯುತ್ ಕುಲುಮೆಯಲ್ಲಿ ಕಾಯಿಸಿ ಇದರ ಹರಳು ಮಾಡುತ್ತಾರೆ. 1891ರಲ್ಲಿ ಅಮೆರಿಕದ ಅಚೆಸನ್ ಎಂಬವರು ಕಂಡುಕೊಂಡದ್ದು. ಒಂದು ಮೈ ತರಿ, ಇನ್ನೊಂದು ಮೈ ನಯ ಇರುವ 6-8 ಇಂಚಿನ ಕಲ್ಲು ತನ್ನಿ. ಗುಳ್ಳೆ ಏಳುವುದು ನಿಲ್ಲುವ ತನಕ ನೀರಿನಲ್ಲಿ ಮುಳುಗಿಸಿಡಿ. ಕಲ್ಲಿಗೆ ಕೊಬ್ಬರಿ ಎಣ್ಣೆ ಹಾಕಬೇಡಿ, ಅಂಟು ಕಟ್ಟಿ ಕಲ್ಲು ಹಿಡಿಯುವುದೇ ಬಿಡುತ್ತದೆ. ಅಡಿಗೆ ಒದ್ದೆ ಗೋಣಿಚೀಲ ಹಾಸಿದರೆ ಕಲ್ಲು ಜಾರುವುದಿಲ್ಲ.

ಓರೆ ಎಷ್ಟು?

ಕಾಗದದ ಚೌಕ ಮೂಲೆಯನ್ನು ಒಮ್ಮೆ ಮಡಚಿದರೆ 45 ಡಿಗ್ರಿ, ಇನ್ನೊಮ್ಮೆ ಮಡಚಿದರೆ ಇಪ್ಪತ್ತೆರಡೂವರೆ. ಅಡುಗೆ ಚಾಕುವಿಗೆ ಅದಕ್ಕಿಂತ ತುಸು ಕಡಿಮೆ, 15ರಿಂದ 20. ಒಂದೂವರೆ ಇಂಚು ಅಗಲದ ಚಾಕುವಾದರೆ ಅದರ ಬೆನ್ನು ಕಲ್ಲಿನಿಂದ ಕಿರುಬೆರಳಿನ ದಪ್ಪದಷ್ಟು ಮೇಲಿರಲಿ. ಕಟ್ಟಿಗೆ ಕಡಿಯುವ ಕತ್ತಿಗೆ ಓರೆ ಇನ್ನೂ ಹೆಚ್ಚು ಬೇಕು, ಇಲ್ಲವಾದರೆ ಬಾಯಿ ಮುರಿಯುತ್ತದೆ. ಓರೆ ಎಷ್ಟೇ ಇರಲಿ, ನಡುವೆ ಬದಲಾಗಬಾರದು. ಮಣಿಕಟ್ಟು ಅಲುಗಿಸದೆ ತೋಳಿನಿಂದ ಮಸೆಯಿರಿ.

ಮಸೆಯುವ ಕ್ರಮ

ಮೊದಲು ತರಿ ಮೈ. ಒಂದೇ ಬದಿಯನ್ನು ಹಿಡಿಯಿಂದ ತುದಿಯ ತನಕ ಹಿಂದೆ ಮುಂದೆ ಎಳೆಯಿರಿ. ಹತ್ತು ಸಲ, ಇಪ್ಪತ್ತು ಸಲ ಎಂದು ಎಣಿಸುವುದರಲ್ಲಿ ಅರ್ಥವಿಲ್ಲ. ಈ ಪಾಠದಲ್ಲಿ ನೆನಪಿಡಬೇಕಾದ್ದು ಒಂದೇ: ಮಸೆದ ಕಬ್ಬಿಣ ಅಂಚು ದಾಟಿ ಆಚೆ ಬದಿಗೆ ಕೂದಲಿನಷ್ಟು ಮಡಚಿಕೊಳ್ಳುತ್ತದೆ. ಬೆರಳನ್ನು ಬೆನ್ನಿನಿಂದ ಬಾಯಿಯ ಕಡೆಗೆ ಮೆಲ್ಲಗೆ ಎಳೆದರೆ ಅದು ತಡೆದಂತೆ ತಿಳಿಯುತ್ತದೆ. ಬಾಯಿಯ ಉದ್ದಕ್ಕೆ ಬೆರಳು ಎಳೆಯಬೇಡಿ. ಹಿಡಿಯಿಂದ ತುದಿವರೆಗೆ ಆ ತಡೆ ಸಿಕ್ಕಿತೆಂದರೆ ಆ ಬದಿ ಮುಗಿಯಿತು. ಸಿಗದ ಜಾಗ ಇನ್ನೂ ಮೊಂಡೇ. ಬಹಳ ಜನ ಇದನ್ನು ನೋಡದೆ ಬದಿ ತಿರುಗಿಸುತ್ತಾರೆ, ಮತ್ತೆ ಕಲ್ಲನ್ನು ಬಯ್ಯುತ್ತಾರೆ.

ಬಳಿಕ ಮತ್ತೊಂದು ಬದಿಗೂ ಹಾಗೇ ಮಾಡಿ. ಆಮೇಲೆ ನಯ ಮೈಯಲ್ಲಿ ಎರಡೂ ಬದಿ, ಭಾರ ಬಿಡದೆ. ಕೊನೆಗೆ ಬದಿಗೊಂದರಂತೆ ಐದಾರು ಹಗುರ ಎಳೆತ. ಹಳೇ ಚರ್ಮದ ಬೆಲ್ಟಿನ ಮೇಲೆ ಬೆನ್ನು ಮುಂದಾಗಿ ಎಳೆದರೆ ಉಳಿದ ಮಡಿಕೆಯೂ ಹೋಗ್ತದೆ.

ಪರೀಕ್ಷೆ

ಬಾಯಿಯನ್ನು ಬೆಳಕಿಗೆ ಹಿಡಿಯಿರಿ. ಬಿಳಿ ಗೆರೆ ಮಿಂಚಿದರೆ ಅಲ್ಲಿ ಮೊಂಡು. ಹರಿತವಾದ ಬಾಯಿ ಕಣ್ಣಿಗೆ ಕಾಣುವುದೇ ಇಲ್ಲ. ಟೊಮೆಟೊ ಸಿಪ್ಪೆಯನ್ನು ಒತ್ತದೆ ಕೊಯ್ದರೆ ನೀವು ಪಾಸು.

ಮೆಟ್ಟುಗತ್ತಿಗೆ ಬಂದರೆ

ಇಲ್ಲಿ ಕತ್ತಿ ನಿಂತಿರ್ತದೆ, ಕಲ್ಲು ಓಡಾಡಬೇಕು. ಮಣೆ ಅಲುಗದಂತೆ ಗಟ್ಟಿ ಮಾಡಿಕೊಂಡು, ಅಂಗೈಯಲ್ಲಿ ಹಿಡಿಯುವಂಥ ಸಣ್ಣ ಕಲ್ಲನ್ನು ಬೆನ್ನಿನ ಕಡೆಯಿಂದ ಬಾಯಿಯ ಕಡೆಗೆ ಎಳೆಯಿರಿ. ಬೆರಳುಗಳು ಕಲ್ಲಿನ ಅಂಚಿನಿಂದ ಹೊರಗೆ ಬರಬಾರದು. ಅದೇ ಓರೆ, ಅದೇ ತಡೆಯ ಪರೀಕ್ಷೆ. ಹಲ್ಲಿನ ಕುಡುಗೋಲಿಗೆ ಮಾತ್ರ ಈ ಕಲ್ಲು ಹಚ್ಚಬೇಡಿ, ಹಲ್ಲು ಸವೆದು ಹೋಗ್ತದೆ.

ಕರೆಂಟಿನ ಸಾಣೆ ಚಕ್ರದಲ್ಲಿ ಬೇಗ ಆಗ್ತದೆ ನಿಜ. ಆದರೆ ಕಿಡಿ ಹಾರಿ ಬಾಯಿ ನೀಲಿ ತಿರುಗಿತೆಂದರೆ ಆಚಾರಿ ಕುಲುಮೆಯಲ್ಲಿ ಕೊಟ್ಟ ಹದ ಹೋಯಿತು. ಅಂಥ ಕತ್ತಿ ಮತ್ತೆ ಮತ್ತೆ ಮೊಂಡಾಗುತ್ತದೆ.

ಕಲ್ಲು ನಡುವೆ ತಗ್ಗು ಬಿದ್ದರೆ ಸಮತಟ್ಟಾದ ಸಿಮೆಂಟು ನೆಲದಲ್ಲಿ ಮರಳು, ನೀರು ಹಾಕಿ ತಿಕ್ಕಿ ಸಮ ಮಾಡಿ. ಅಡಿಕೆಯ ಚೊಗರಿಗೆ ಕತ್ತಿ ಕಪ್ಪಾಗುತ್ತದೆ, ಮಳೆಗಾಲದಲ್ಲಿ ತುಕ್ಕೂ ಹಿಡಿಯುತ್ತದೆ. ಕೆಲಸ ಮುಗಿದ ಕೂಡಲೇ ತೊಳೆದು ಒರೆಸಿ ಎಣ್ಣೆ ಸವರಿಡಿ. ಸುಗ್ಗಿಯಲ್ಲಿ ದಿನಾ ಸುಲಿಯಲು ಕೂರುವ ಮೊದಲು ನಯ ಮೈಯಲ್ಲಿ ಎರಡು ನಿಮಿಷ ಮಸೆದರೆ ತರಿ ಮೈಯ ಅಗತ್ಯ ಅಪರೂಪಕ್ಕೆ ಬರುತ್ತದೆ.