ನೊಗದಿಂದ ಚುಕ್ಕಾಣಿಗೆ: ಹಾಯಿಹಡಗಿನ ಸಮತೋಲ

ವಿಷಯ: ಸಾಮಾನ್ಯ ವಿಜ್ಞಾನ (ಬಲ ಮತ್ತು ಅದರ ತಿರುಗಿಸುವ ಪರಿಣಾಮ)
ಇಯತ್ತೆ: 8 ಮತ್ತು 9
ಅವಧಿ: ಎರಡು ತಾಸು

ಪ್ರಸ್ತಾವನೆ

ಸಾಂಗಲಿ ಜಿಲ್ಲೆಯ ಜತ್ತ ತಾಲೂಕು ಮಳೆ ಕಡಿಮೆಯ ಬಯಲುನಾಡು. ಸಮುದ್ರವು ಸಹ್ಯಾದ್ರಿಯ ಆಚೆ ಸುಮಾರು 200 ಕಿಲೋಮೀಟರು ದೂರದಲ್ಲಿದೆ. ಇಲ್ಲಿಯ ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಓದುವ ಬಹುಪಾಲು ಮಕ್ಕಳು ಹಾಯಿಹಡಗನ್ನು ಚಿತ್ರದಲ್ಲಿ ಮಾತ್ರ ಕಂಡಿರುತ್ತಾರೆ. ಆದರೆ ಹಾಯಿಹಡಗಿನ ಪಾಠಕ್ಕೆ ಬೇಕಾದ ಎರಡು ಸಂಗತಿಗಳು ಈ ಮಕ್ಕಳಿಗೆ ಚೆನ್ನಾಗಿ ಗೊತ್ತಿವೆ. ಒಂದು, ಆಷಾಢದ ಗಾಳಿ. ಮಾಳದ ಮೇಲಿನ ಗಾಳಿಯಂತ್ರಗಳು ತಿರುಗುವುದೂ, ಕಣದಲ್ಲಿ ಕಾಳು ತೂರುವುದೂ ಗಾಳಿಯಿಂದಲೇ. ಇನ್ನೊಂದು, ಎತ್ತಿನ ಗಾಡಿಗೆ ಹೇರು ಹೇರುವ ಕ್ರಮ. ಗೊತ್ತಿರುವ ಇವೆರಡರಿಂದ ಗೊತ್ತಿಲ್ಲದ ಹಡಗಿನ ಕಡೆಗೆ ಮಕ್ಕಳನ್ನು ಕರೆದೊಯ್ಯುವುದು ಈ ಪಾಠದ ಕ್ರಮ.

ಅಧ್ಯಯನ ನಿಷ್ಪತ್ತಿ

ಪಾಠದ ಕೊನೆಯಲ್ಲಿ ವಿದ್ಯಾರ್ಥಿಯು,

1. ಬಲವು ಎಷ್ಟಿದೆ ಎಂಬುದರ ಜೊತೆಗೆ ಎಲ್ಲಿ ಬೀಳುತ್ತದೆ ಎಂಬುದೂ ಮುಖ್ಯವೆಂದು ಉದಾಹರಣೆಯಿಂದ ತೋರಿಸುವನು.
2. ಬಲ ಮತ್ತು ದೂರಗಳ ಗುಣಲಬ್ಧದಿಂದ ತಿರುಗುಬಲವನ್ನು ಲೆಕ್ಕ ಹಾಕುವನು.
3. ಗಾಳಿ ಹೆಚ್ಚಿದಾಗ ಹಡಗಿನ ಯಾವ ಹಾಯಿಯನ್ನು ಕಿರಿದುಗೊಳಿಸಬೇಕೆಂಬುದನ್ನು ಕಾರಣಸಹಿತ ಹೇಳುವನು.

ಪೂರ್ವಜ್ಞಾನ: ಗಾಡಿಯ ಹೇರು

ಪಾಠವನ್ನು ಒಂದು ಪ್ರಶ್ನೆಯಿಂದ ಆರಂಭಿಸಬೇಕು: ಗಾಡಿಗೆ ಜೋಳದ ಚೀಲ ಹೇರುವಾಗ ಎಲ್ಲವನ್ನೂ ಹಿಂದಕ್ಕೆ ಇಟ್ಟರೆ ಏನಾಗುತ್ತದೆ? ನೊಗ ಮೇಲೇಳುತ್ತದೆ, ಎತ್ತುಗಳ ಕೊರಳಪಟ್ಟಿ ಬಿಗಿಯುತ್ತದೆ ಎಂದು ಮಕ್ಕಳೇ ಹೇಳುವರು. ಎಲ್ಲವನ್ನೂ ಮುಂದಕ್ಕೆ ಇಟ್ಟರೆ? ನೊಗವು ಎತ್ತುಗಳ ಹೆಗಲನ್ನು ಒತ್ತುತ್ತದೆ. ಚೀಲಗಳ ಸಂಖ್ಯೆ ಎರಡೂ ಸಲ ಒಂದೇ; ಬದಲಾದುದು ಅಚ್ಚಿನಿಂದ ಅವು ಇರುವ ದೂರ. ಅನುಭವಿ ರೈತನು ಹೇರನ್ನು ಅಚ್ಚಿನ ಎರಡೂ ಬದಿಗೆ ಹಂಚಿ, ಮುಂದಕ್ಕೆ ತುಸು ಭಾರ ಉಳಿಸುತ್ತಾನೆ. ನೊಗ ಹೆಗಲ ಮೇಲೆ ನಿಲ್ಲಬೇಕು, ಹೆಗಲನ್ನು ನೋಯಿಸಬಾರದು. ‘ತುಸು’ ಎಂಬ ಈ ಮಾತನ್ನು ಹಲಗೆಯ ಮೇಲೆ ಬರೆದಿಡಬೇಕು. ಮುಂದೆ ಹಡಗಿನಲ್ಲಿಯೂ ಅದೇ ಮಾತು ಬರುತ್ತದೆ.

ವಿಷಯ ವಿವರಣೆ

ಹಾಯಿಹಡಗಿನ ನಡುವೆ ನಿಂತ ಎತ್ತರದ ಕಂಬಕ್ಕೆ ಕೂವೆ ಎಂದು ಹೆಸರು. ಕೂವೆಯ ಹಿಂಬದಿಗೆ ಕಟ್ಟಿದ್ದು ಮುಖ್ಯ ಹಾಯಿ. ಕೂವೆಯ ತುದಿಯಿಂದ ಹಡಗಿನ ಮೂತಿಗೆ ಇಳಿದ ಹಗ್ಗದ ಮೇಲೆ ಏರಿಸಿದ್ದು ಮುಂದಿನ ಹಾಯಿ. ತಳದಿಂದ ನೀರಿನೊಳಕ್ಕೆ ಇಳಿದ ಭಾರವಾದ ಚಪ್ಪಟೆ ಭಾಗವನ್ನು ಕೀಲ್ ಎನ್ನುತ್ತಾರೆ. ಗಾಳಿ ಬದಿಯಿಂದ ಬೀಸಿದಾಗ ಹಡಗು ಬದಿಗೆ ಸರಿದು ಹೋಗದಂತೆ ಕೀಲ್ ನೀರನ್ನು ಒತ್ತಿ ತಡೆಯುತ್ತದೆ. ಹಿಂತುದಿಯಲ್ಲಿ ಇರುವ, ಎಡಬಲಕ್ಕೆ ತಿರುಗುವ ಹಲಗೆಯೇ ಚುಕ್ಕಾಣಿ.

ನೀರಿನ ತಡೆಯೆಲ್ಲ ಒಂದೇ ಬಿಂದುವಿನಲ್ಲಿ ಸೇರಿದೆ ಎಂದು ಭಾವಿಸಬಹುದು. ಗಾಡಿಗೆ ಅಚ್ಚು ಹೇಗೋ ಹಡಗು ತಿರುಗುವುದಕ್ಕೆ ಈ ಬಿಂದು ಹಾಗೆ. ಮುಂದಿನ ಹಾಯಿಯ ಮೇಲೆ ಬಿದ್ದ ಗಾಳಿಯು ಮೂತಿಯನ್ನು ಗಾಳಿ ಹೋಗುವ ಕಡೆಗೆ ತಳ್ಳುತ್ತದೆ. ಮುಖ್ಯ ಹಾಯಿಯ ಮೇಲೆ ಬಿದ್ದ ಗಾಳಿಯು ಹಿಂಭಾಗವನ್ನು ಅದೇ ಕಡೆಗೆ ತಳ್ಳುವುದರಿಂದ ಮೂತಿಯು ಗಾಳಿ ಬರುವ ಕಡೆಗೆ ತಿರುಗುತ್ತದೆ. ಎರಡೂ ತಿರುಗುಬಲಗಳು ಸರಿಸಮವಾದರೆ ಹಡಗು ತಾನಾಗಿ ನೇರ ಹೋಗುತ್ತದೆ. ಸಮವಾಗದಿದ್ದರೆ ಉಳಿದ ವ್ಯತ್ಯಾಸವನ್ನು ಚುಕ್ಕಾಣಿಯೇ ಹೊರಬೇಕು.

ಚುಕ್ಕಾಣಿಗೆ ಈ ಹೊರೆ ಪುಕ್ಕಟೆಯಲ್ಲ. ಅದು ನೀರಿಗೆ ಅಡ್ಡಲಾಗಿ ಹೆಚ್ಚು ತಿರುಗಿದಷ್ಟೂ ಹಡಗಿನ ಓಟವನ್ನು ತಡೆಯುತ್ತದೆ. ಹಿಡಿದವರ ತೋಳು ಸೋಲುತ್ತದೆ. ಚುಕ್ಕಾಣಿಯ ಜೋಡಣೆಗಳು ಸವೆಯುತ್ತವೆ. ಕೆಲವೇ ಡಿಗ್ರಿಗಳಷ್ಟು ತಿರುಗಿಸಿ ಹಿಡಿದರೆ ಸಾಕಾಗುವಂತಿದ್ದರೆ ಹಡಗು ಹದದಲ್ಲಿದೆ ಎಂದು ನಾವಿಕರು ತಿಳಿಯುತ್ತಾರೆ. ಅವರಿಗೂ ಪೂರ್ತಿ ಸಮತೋಲ ಬೇಡ. ಕೈಬಿಟ್ಟರೆ ಮೂತಿ ತುಸು ಗಾಳಿಯ ಕಡೆಗೆ ತಿರುಗಬೇಕು. ಆಗ ಚುಕ್ಕಾಣಿಯಲ್ಲಿ ಬಿಗುಪು ಉಳಿದು ಕೈಗೆ ಹಡಗಿನ ಸುಳಿವು ಸಿಗುತ್ತದೆ. ಹಿಡಿದವರು ಜಾರಿಬಿದ್ದರೂ ಹಡಗು ಗಾಳಿಗೆ ಎದುರಾಗಿ ಹಾಯಿಗಳು ಬರಿದೇ ಬಡಿಯುತ್ತ ವೇಗ ಇಳಿಯುತ್ತದೆ. ನೊಗದ ಮೇಲೆ ತುಸು ಭಾರ ಉಳಿಸುವ ರೈತನ ಜಾಣ್ಮೆಯೂ ಇದೇ.

ಮುಂದಿನ ಹಾಯಿಯ ಆಯ್ಕೆ

ದೂರಪ್ರಯಾಣದ ಹಡಗು ತಿಂಗಳುಗಟ್ಟಲೆಯ ನೀರು, ಅನ್ನ, ಸಾಮಾನುಗಳನ್ನು ಹೊತ್ತಿರುತ್ತದೆ, ಆದುದರಿಂದ ಭಾರ. ಮಂದಗಾಳಿಯಲ್ಲಿ ಅದನ್ನು ಎಳೆಯಲು ದೊಡ್ಡ ಹಾಯಿ ಬೇಕು. ಆಗ ಏರಿಸುವುದು ಜೆನೊವಾ. ಇದು ಕೂವೆಯನ್ನೂ ದಾಟಿ ಹಿಂದಕ್ಕೆ ಚಾಚುವಷ್ಟು ಅಗಲ. ಗಾಳಿ ಬಲವಾದಾಗ ಅದಕ್ಕಿಂತ ಕಿರಿದಾದ ಜಿಬ್, ಇನ್ನೂ ಬಲವಾದಾಗ ಕೂವೆಗೆ ಹತ್ತಿರವಾಗಿ ಒಳಹಗ್ಗದ ಮೇಲೆ ನಿಲ್ಲುವ ಸ್ಟೇಸೇಲ್, ಬಿರುಗಾಳಿಯಲ್ಲಿ ದಪ್ಪ ಬಟ್ಟೆಯ ಚಿಕ್ಕ ಹಾಯಿ.

ಇಷ್ಟು ಹಾಯಿಗಳೇಕೆ ಎಂಬುದಕ್ಕೆ ಒಂದು ನಿಯಮ ಉತ್ತರ ಕೊಡುತ್ತದೆ: ಗಾಳಿಯ ವೇಗ ಎರಡು ಪಟ್ಟಾದರೆ ಹಾಯಿಯ ಮೇಲಿನ ಬಲ ನಾಲ್ಕು ಪಟ್ಟಾಗುತ್ತದೆ. ಹಾಯಿಯನ್ನು ಕಿರಿದು ಮಾಡದಿದ್ದರೆ ಹಡಗು ಒಂದು ಬದಿಗೆ ವಾಲುತ್ತದೆ. ವಾಲಿದಾಗ ಹಾಯಿಗಳ ಎಳೆತವು ಹಡಗಿನ ನಡುಗೆರೆಯಿಂದ ಆಚೆ, ನೀರಿನ ಮೇಲೆ ಹೊರಚಾಚಿ ಬೀಳುತ್ತದೆ. ಹೊರಸನ್ನು ಒಂದು ಮೂಲೆಗೆ ಹಗ್ಗ ಕಟ್ಟಿ ಎಳೆದರೆ ಅದು ನೇರ ಬಾರದೆ ತಿರುಗುವಂತೆ ಹಡಗೂ ಗಾಳಿಯ ಕಡೆಗೆ ತಿರುಗತೊಡಗುತ್ತದೆ. ಚುಕ್ಕಾಣಿ ಒಮ್ಮೆಲೇ ಭಾರವಾಗುವುದು ಹಾಯಿ ಹೆಚ್ಚಾಗಿದೆ ಎಂಬುದರ ಮೊದಲ ಸೂಚನೆ. ಇನ್ನಷ್ಟು ಜೋರಾಗಿ ಹಿಡಿಯುವುದು ಅದಕ್ಕೆ ಉಪಾಯವಲ್ಲ. ಹಾಯಿ ಇಳಿಸುವುದು ಉಪಾಯ.

ಆದರೆ ಯಾವ ಹಾಯಿಯನ್ನು? ಕೆಳಗಿನ ಲೆಕ್ಕವನ್ನು ಹಲಗೆಯ ಮೇಲೆ ಮಾಡಿಸಬೇಕು. ಅಂಕಿಗಳು ಪಾಠಕ್ಕಾಗಿ ಕಲ್ಪಿಸಿದವು.

ಮುಖ್ಯ ಹಾಯಿಯ ಮೇಲೆ 6000 ನ್ಯೂಟನ್ ಬಲವು ತಿರುಗುಬಿಂದುವಿನಿಂದ 1.5 ಮೀಟರು ಹಿಂದೆ ಬೀಳುತ್ತದೆ.
ತಿರುಗುಬಲ: 6000 × 1.5 = 9000

ಮುಂದಿನ ಹಾಯಿಯ ಮೇಲೆ 3000 ನ್ಯೂಟನ್ ಬಲವು 3 ಮೀಟರು ಮುಂದೆ ಬೀಳುತ್ತದೆ.
ತಿರುಗುಬಲ: 3000 × 3 = 9000

ಬಲ ಅರ್ಧ, ದೂರ ಎರಡು ಪಟ್ಟು, ಆದುದರಿಂದ ಸಮ. ಈಗ ನಾವಿಕನು ಮುಂದಿನ ಹಾಯಿಯನ್ನಷ್ಟೇ ಅರ್ಧ ಮಾಡಿದನೆಂದುಕೊಳ್ಳಬೇಕು. ಮುಂದಿನ ತಿರುಗುಬಲ 1500 × 3 = 4500. ಹಿಂದೆ 9000 ಹಾಗೆಯೇ ಉಳಿಯಿತು. ಒಟ್ಟು ಹಾಯಿ ಕಡಿಮೆಯಾಯಿತು, ಆದರೆ ಚುಕ್ಕಾಣಿ ಮೊದಲಿಗಿಂತ ಭಾರವಾಯಿತು. ಮುಖ್ಯ ಹಾಯಿಯನ್ನೂ ಅರ್ಧಕ್ಕೆ ಮಡಚಿದರೆ 3000 × 1.5 = 4500; ಸಮತೋಲ ಮರಳುತ್ತದೆ. ಚುಕ್ಕಾಣಿ ಭಾರವಾದಾಗ ಅನೇಕ ಹಡಗುಗಳಲ್ಲಿ ಮುಖ್ಯ ಹಾಯಿಯನ್ನು ಮೊದಲು ಮಡಚುವುದೇಕೆಂಬುದು ಈ ಲೆಕ್ಕದಿಂದ ತಿಳಿಯುತ್ತದೆ. ಮುಖ್ಯ ಹಾಯಿಯನ್ನು ಪೂರ್ತಿ ಇಳಿಸಿ ದೊಡ್ಡ ಜೆನೊವಾ ಒಂದನ್ನೇ ಬಿಟ್ಟರೆ ಏನಾದೀತೆಂದು ಮಕ್ಕಳೇ ಹೇಳಲಿ: ಮೂತಿ ಗಾಳಿ ಹೋಗುವ ಕಡೆಗೆ ಓಡುತ್ತದೆ.

ನಿಜವಾದ ಉದಾಹರಣೆ: ಮುಂಬಯಿಯ ‘ಸುಹೈಲಿ’

ಈ ಲೆಕ್ಕದ ಮೇಲೆ ಒಬ್ಬ ಮನುಷ್ಯನ ಪ್ರಯಾಣವೇ ನಿಂತಿತ್ತು. 1960ರ ದಶಕದಲ್ಲಿ ಮುಂಬಯಿಯಲ್ಲಿ ತೇಗದ ಮರದಿಂದ 32 ಅಡಿ ಉದ್ದದ ಗಟ್ಟಿಮುಟ್ಟಾದ ಹಾಯಿಹಡಗೊಂದನ್ನು ಕಟ್ಟಲಾಯಿತು. ಅರಬ್ಬಿ ನಾವಿಕರು ಆಗ್ನೇಯದ ಗಾಳಿಗೆ ಹೇಳುವ ‘ಸುಹೈಲಿ’ ಎಂಬ ಹೆಸರನ್ನು ಅದಕ್ಕೆ ಇಟ್ಟರು. ಅದರ ಒಡೆಯ ರಾಬಿನ್ ನಾಕ್ಸ್-ಜಾನ್‌ಸ್ಟನ್ ವ್ಯಾಪಾರಿ ಹಡಗಿನ ಅಧಿಕಾರಿ. 1968ರ ಜೂನ್ 14ರಂದು ಆತ ಇಂಗ್ಲೆಂಡಿನ ಫಾಲ್ಮತ್ ಬಂದರಿನಿಂದ ಒಬ್ಬನೇ ಹೊರಟು, ಎಲ್ಲಿಯೂ ಬಂದರು ಸೇರದೆ ಭೂಮಿಯನ್ನು ಸುತ್ತಿ, 312 ದಿನಗಳ ಬಳಿಕ 1969ರ ಏಪ್ರಿಲ್ 22ರಂದು ಅಲ್ಲಿಗೇ ಮರಳಿದ. ಅಂಥ ಪ್ರಯಾಣ ಮಾಡಿದವರಲ್ಲಿ ಆತನೇ ಮೊದಲಿಗ. ಆ ಸ್ಪರ್ಧೆಗೆ ಹೊರಟ ಒಂಬತ್ತು ಮಂದಿಯಲ್ಲಿ ಮುಗಿಸಿದವನೂ ಆತನೊಬ್ಬನೇ.

ಒಬ್ಬನೇ ಇದ್ದವನು ನಿದ್ದೆ ಮಾಡಲೇಬೇಕು. ನಿದ್ದೆಯಲ್ಲಿ ಚುಕ್ಕಾಣಿ ಹಿಡಿಯುವವರಾರು? ಅದಕ್ಕೆಂದು ಗಾಳಿಯ ದಿಕ್ಕನ್ನು ನೋಡಿ ತಾನೇ ಚುಕ್ಕಾಣಿ ತಿರುಗಿಸುವ ಸಾಧನವೊಂದಿತ್ತು. ಆದರೆ ದಾರಿ ಅರ್ಧವೂ ಮುಗಿಯದಿರುವಾಗ, ಆಸ್ಟ್ರೇಲಿಯಾದ ಬಳಿ, ಅದು ಮುರಿದುಹೋಯಿತು. ಮುಂದಿನ ದಾರಿಯಲ್ಲಿ ಆತ ಹಾಯಿಗಳನ್ನೇ ಹೊಂದಿಸಿ, ಹಡಗು ತಾನಾಗಿ ದಿಕ್ಕು ಹಿಡಿಯುವಂತೆ ಮಾಡಿ ವಿಶ್ರಮಿಸಬೇಕಾಯಿತು.

ಸುಹೈಲಿಯ ರಚನೆ ಇದಕ್ಕೆ ಒದಗಿಬಂದಿತು. ಅದರ ಕೀಲ್ ತಳದುದ್ದಕ್ಕೂ ಇದ್ದುದರಿಂದ ಹಡಗು ಸುಲಭಕ್ಕೆ ದಿಕ್ಕು ಬಿಡುತ್ತಿರಲಿಲ್ಲ. ಮೂತಿಯಿಂದ ಮುಂದಕ್ಕೆ ಚಾಚಿದ ದೂಲವೊಂದಿತ್ತು. ಅದರ ತುದಿಯ ಹಾಯಿ ಚಿಕ್ಕದಾದರೂ ತಿರುಗುಬಿಂದುವಿನಿಂದ ಬಲುದೂರ. ಹಿಂಭಾಗದಲ್ಲಿ ಎರಡನೆಯ ಚಿಕ್ಕ ಕೂವೆ, ಅದಕ್ಕೊಂದು ಚಿಕ್ಕ ಹಾಯಿ. ಉದ್ದ ಹಲಗೆಯ ಎರಡು ತುದಿಗಳಲ್ಲಿ ಕುಳಿತ ಇಬ್ಬರು ಮಕ್ಕಳಂತೆ ಈ ಎರಡು ಚಿಕ್ಕ ಹಾಯಿಗಳು ಇಡೀ ಹಡಗನ್ನು ಹದದಲ್ಲಿ ಇಡಬಲ್ಲವು.

ಇದಕ್ಕೆ ನಮ್ಮ ಕಾಲದ ಜೋಡಿ ‘ತಾರಿಣಿ’. ಗೋವೆಯಲ್ಲಿ ಕಟ್ಟಿದ, ಭಾರತೀಯ ನೌಕಾದಳದ ಈ 55 ಅಡಿ ಹಾಯಿಹಡಗಿನಲ್ಲಿ ವರ್ತಿಕಾ ಜೋಶಿಯವರ ನೇತೃತ್ವದ ಆರು ಮಹಿಳಾ ಅಧಿಕಾರಿಗಳು 2017ರ ಸೆಪ್ಟೆಂಬರ್ 10ರಂದು ಗೋವೆಯಿಂದ ಹೊರಟು, ಭೂಮಿಯನ್ನು ಸುತ್ತಿ 2018ರ ಮೇ 21ರಂದು ಮರಳಿದರು. ಕೊನೆಯ ಹಂತದಲ್ಲಿ ಚುಕ್ಕಾಣಿಯ ವ್ಯವಸ್ಥೆ ಕೆಟ್ಟು ಅವರು ಮಾರಿಷಸ್‌ನಲ್ಲಿ ನಿಲ್ಲಬೇಕಾಯಿತು. ಚುಕ್ಕಾಣಿಯ ಮೇಲಿನ ಹೊರೆಯನ್ನು ಹಗುರವಾಗಿಡುವ ವಿಚಾರ ನಾವಿಕರಿಗೆ ಏಕೆ ಅಷ್ಟು ಮುಖ್ಯವೆಂಬುದನ್ನು ಇಲ್ಲಿ ಚರ್ಚಿಸಬೇಕು.

ಕೃತಿ

ಸಾಮಗ್ರಿ: 40 ಸೆಂ.ಮೀ. ಉದ್ದದ ಗಟ್ಟಿ ರಟ್ಟಿನ ಪಟ್ಟಿ, ಪೆನ್ನಿನ ಮುಚ್ಚಳ, ಸೈಕಲ್ ಕಡ್ಡಿ, ಹಸಿ ಮಣ್ಣು, 10 ಸೆಂ.ಮೀ. ಚೌಕದ ಎರಡು ರಟ್ಟುಗಳು, ಅದರ ಅರ್ಧದಷ್ಟು ಅಗಲದ ಒಂದು ರಟ್ಟು.

ಪಟ್ಟಿಯ ನಡುವೆ ಕೆಳಗಡೆ ಮುಚ್ಚಳವನ್ನು ಅಂಟಿಸಿ, ಮಣ್ಣಿನಲ್ಲಿ ನೆಟ್ಟಗೆ ನಿಲ್ಲಿಸಿದ ಕಡ್ಡಿಯ ತುದಿಯ ಮೇಲೆ ಇಡಬೇಕು. ಪಟ್ಟಿಯ ಒಂದು ತುದಿಗೆ ‘ಮೂತಿ’ ಎಂದು ಗುರುತು ಹಾಕಬೇಕು. ರಟ್ಟುಗಳನ್ನು ಪಟ್ಟಿಯ ಉದ್ದಕ್ಕೆ ಸರಿಯಾಗಿ ನೆಟ್ಟಗೆ ನಿಲ್ಲಿಸಬೇಕು. ಪ್ರತಿ ಸಲವೂ ಪಟ್ಟಿ ವಾಲದಂತೆ ಹಗುರವಾದ ಕಡೆಗೆ ಮಣ್ಣಿನ ಉಂಡೆ ಅಂಟಿಸಿ ತೂಕ ಸರಿಮಾಡಬೇಕು. ಬಳಿಕ ಪಟ್ಟಿಯನ್ನು ಗಾಳಿಗೆ ಅಡ್ಡಲಾಗಿ ಇಟ್ಟು ಕೈಬಿಡಬೇಕು.

1. ನಡುವಿನಿಂದ ಎರಡೂ ಬದಿಗೆ 8 ಸೆಂ.ಮೀ. ದೂರದಲ್ಲಿ ಸಮಾನ ರಟ್ಟುಗಳು: ಪಟ್ಟಿ ಬಹುಮಟ್ಟಿಗೆ ಅಡ್ಡಲಾಗಿಯೇ ನಿಲ್ಲುತ್ತದೆ.
2. ಮುಂದಿನದನ್ನು ತೆಗೆದು ಅದೇ ಜಾಗದಲ್ಲಿ ಅರ್ಧ ಅಗಲದ ರಟ್ಟು: ಮೂತಿ ಗಾಳಿ ಬರುವ ಕಡೆಗೆ ತಿರುಗುತ್ತದೆ.
3. ಅದೇ ಅರ್ಧ ರಟ್ಟನ್ನು 16 ಸೆಂ.ಮೀ. ದೂರಕ್ಕೆ ಸರಿಸಿದರೆ: ಪಟ್ಟಿ ಮತ್ತೆ ಹೆಚ್ಚುಕಡಿಮೆ ಅಡ್ಡಲಾಗಿ ನಿಲ್ಲುತ್ತದೆ.

ಹೊರಗಿನ ಗಾಳಿ ದಿಕ್ಕು ಬದಲಿಸುತ್ತಿದ್ದರೆ ಕೋಣೆಯಲ್ಲಿ ಫ್ಯಾನಿನ ಮುಂದೆ ಮಾಡಿಸುವುದು ಒಳಿತು. ಫಲವನ್ನು ಹೇಳುವ ಮೊದಲು ಮಕ್ಕಳಿಂದ ಊಹೆಯನ್ನು ಬರೆಯಿಸಬೇಕು.

ಭಾಷೆಯ ಕಡೆಗೆ

ಚುಕ್ಕಾಣಿಗೆ ಮರಾಠಿಯಲ್ಲಿ ಸುಕಾಣೂ ಎನ್ನುತ್ತಾರೆ. ಎರಡೂ ಅರಬ್ಬಿಯ ಸುಕ್ಕಾನ್ ಎಂಬ ಶಬ್ದದಿಂದ ಬಂದವು. ಪಡುವಣ ಕರಾವಳಿಯ ವ್ಯಾಪಾರದೊಡನೆ ಹರಡಿದವು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ ಆಡುವ ಮಕ್ಕಳಿಗೆ ಈ ಜೋಡಿಯನ್ನು ತೋರಿಸಿದರೆ ಶಬ್ದ ನೆನಪಿನಲ್ಲಿ ನಿಲ್ಲುತ್ತದೆ. ‘ಸಂಸಾರದ ಚುಕ್ಕಾಣಿ ಹಿಡಿ’ ಎಂಬ ಬಳಕೆಯನ್ನೂ ವಿವರಿಸಬಹುದು. ನೊಗ, ಅಚ್ಚು, ಹೇರು ಎಂಬ ಊರಿನ ಶಬ್ದಗಳನ್ನು ಉತ್ತರಪತ್ರಿಕೆಯಲ್ಲಿ ಬಳಸಿದ ವಿದ್ಯಾರ್ಥಿಯ ಗುಣಾಂಕ ಕಡಿಮೆ ಮಾಡಬಾರದು. ಶಾಸ್ತ್ರದ ಶಬ್ದವನ್ನು ಅದರ ಪಕ್ಕದಲ್ಲಿ ಸೇರಿಸುವುದನ್ನು ಕಲಿಸಬೇಕು.

ಸ್ವಾಧ್ಯಾಯ

1. ಹೇರು ಹಿಂದಕ್ಕೆ ಹೆಚ್ಚಾದ ಗಾಡಿಗೂ ಮುಂದಿನ ಹಾಯಿ ಕಿರಿದಾದ ಹಡಗಿಗೂ ಇರುವ ಹೋಲಿಕೆಯನ್ನು ನಾಲ್ಕು ವಾಕ್ಯಗಳಲ್ಲಿ ಬರೆಯಿರಿ.
2. ಮುಖ್ಯ ಹಾಯಿಯ ಮೇಲೆ 4000 ನ್ಯೂಟನ್ ಬಲ 1.5 ಮೀಟರು ಹಿಂದೆ ಬೀಳುತ್ತದೆ. ಮುಂದಿನ ಹಾಯಿಯ ಬಲ 2.5 ಮೀಟರು ಮುಂದೆ ಬೀಳುವುದಾದರೆ, ಸಮತೋಲಕ್ಕೆ ಅದು ಎಷ್ಟಿರಬೇಕು? (ಉತ್ತರ: 2400 ನ್ಯೂಟನ್)
3. ಗಾಳಿಯ ವೇಗ ಮೂರು ಪಟ್ಟಾದರೆ ಹಾಯಿಯ ಮೇಲಿನ ಬಲ ಎಷ್ಟು ಪಟ್ಟಾಗುತ್ತದೆ? (ಉತ್ತರ: ಒಂಬತ್ತು ಪಟ್ಟು)
4. ‘ದೊಡ್ಡ ಹಾಯಿ ಏರಿಸಿದರೆ ಹಡಗು ಯಾವಾಗಲೂ ವೇಗವಾಗಿ ಹೋಗುತ್ತದೆ.’ ಈ ಮಾತು ಸರಿಯೇ? ಚುಕ್ಕಾಣಿಯ ತಡೆಯನ್ನು ನೆನಪಿನಲ್ಲಿಟ್ಟು ಉತ್ತರಿಸಿರಿ.
5. ಒಬ್ಬಂಟಿ ನಾವಿಕನು ನಿದ್ದೆ ಮಾಡುವ ಮೊದಲು ಹಾಯಿಗಳನ್ನು ಹೇಗೆ ಹೊಂದಿಸಬೇಕು? ನಿಮ್ಮ ಕೃತಿಯಲ್ಲಿ ಕಂಡದ್ದನ್ನೇ ಆಧಾರವಾಗಿ ಇಟ್ಟುಕೊಂಡು ವಿವರಿಸಿರಿ.