ಸುಂಕದಕಟ್ಟೆಯನ್ನು ದಾಟಿ ಬರುವ ಪಾರ್ಸೆಲು

ಹೊಸಹಳ್ಳಿಯಿಂದ ಮಾಗಡಿ ರಸ್ತೆಯನ್ನು ಹಿಡಿದು ಪಶ್ಚಿಮಕ್ಕೆ ಸಾಗಿದರೆ ಸುಂಕದಕಟ್ಟೆಯನ್ನು ಮುಟ್ಟುತ್ತೇವೆ. ಸುಂಕವನ್ನು ಎತ್ತುವ ತಾಣವೆಂಬುದೇ ಆ ಹೆಸರಿನ ಅರ್ಥ. ನಮ್ಮ ನಾಡಿನ ಶಾಸನಗಳಲ್ಲಿಯೂ ಹೆಜ್ಜುಂಕ, ವಡ್ಡರಾವುಳ ಮುಂತಾದ ಸುಂಕಗಳ ಹೆಸರುಗಳು ದೊರೆಯುತ್ತವೆ. ಅಂತರಜಾಲದಲ್ಲಿ ಕೊಂಡು ಪರದೇಶದಿಂದ ತರಿಸುವ ಪಾರ್ಸೆಲು ಇಂದಿಗೂ ಅಂಥ ಒಂದು ಕಟ್ಟೆಯನ್ನು ದಾಟಿಯೇ ಮನೆಗೆ ಬರಬೇಕು. ಅಲ್ಲಿನ ಲೆಕ್ಕದ ಬಗೆಯನ್ನು ವಿಚಾರಿಸೋಣ.

ಹೊಸಹಳ್ಳಿಯ ವಿದ್ಯಾರ್ಥಿಯೊಬ್ಬನು ದೂರದರ್ಶಕಕ್ಕೆ ಬೇಕಾದ ಮಸೂರವೊಂದನ್ನು ನೆರೆಯ ತಮಿಳುನಾಡಿನ ಹೊಸೂರಿನಿಂದ ತರಿಸಿದನೆನ್ನೋಣ. ಇದು ರಾಜ್ಯದ ಗಡಿಯೇ ಹೊರತು ದೇಶದ ಗಡಿಯಲ್ಲ. ಆದುದರಿಂದ ಆಮದು ಸುಂಕವಿಲ್ಲ. ಸರಕು ಮತ್ತು ಸೇವಾ ತೆರಿಗೆ ಮಾತ್ರ ಬೆಲೆಯಲ್ಲಿ ಸೇರಿರುತ್ತದೆ. 1956ರ ಕೇಂದ್ರ ಮಾರಾಟ ತೆರಿಗೆಯು ಸರಕು ಹೊರಟ ರಾಜ್ಯಕ್ಕೆ ಸಲ್ಲುತ್ತಿತ್ತು. 2017ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಕ್ರಮದಲ್ಲಿ ರಾಜ್ಯದ ಪಾಲು ಸರಕು ಬಳಕೆಯಾಗುವ ಕರ್ನಾಟಕಕ್ಕೆ ಸಲ್ಲುತ್ತದೆ.

ಅದೇ ಮಸೂರ ಚೀನದ ಷೆನ್‌ಜೆನ್‌ನಿಂದ ಬಂದರೆ? ಆಗ 1962ರ ಸುಂಕ ಕಾಯಿದೆ ಅನ್ವಯಿಸುತ್ತದೆ. ಇಲ್ಲಿ ಸುಂಕ ಬೀಳುವುದು ಅಂಗಡಿಯ ಬೆಲೆಯ ಮೇಲಷ್ಟೇ ಅಲ್ಲ. ಸಾಗಣೆ ಮತ್ತು ವಿಮೆಯ ವೆಚ್ಚವೂ ಮೌಲ್ಯದಲ್ಲಿ ಸೇರುತ್ತದೆ. ಬಳಿಕ ಮೌಲ್ಯ ಮತ್ತು ಸುಂಕ ಕೂಡಿದ ಮೊತ್ತದ ಮೇಲೆ ಸಮಗ್ರ ಸರಕು ಮತ್ತು ಸೇವಾ ತೆರಿಗೆಯನ್ನು ಹಾಕುತ್ತಾರೆ.

ದರಗಳು ವಸ್ತುವಿಗೆ ತಕ್ಕಂತೆ ಬೇರೆಯಾಗುತ್ತವೆ, ಕಾಲಕಾಲಕ್ಕೆ ಬದಲಾಗುತ್ತವೆ. ಲೆಕ್ಕದ ಸಲುವಾಗಿ ಸುಂಕ ಶೇಕಡಾ 10, ತೆರಿಗೆ ಶೇಕಡಾ 18 ಎಂದಿಟ್ಟುಕೊಳ್ಳೋಣ.

ಮಸೂರದ ಬೆಲೆ: 1,000 ರೂ.
ಸಾಗಣೆ, ವಿಮೆ: 200 ರೂ.
ಒಟ್ಟು ಮೌಲ್ಯ: 1,200 ರೂ.
ಸುಂಕ: 120 ರೂ.
1,320 ರೂ. ಮೇಲೆ ತೆರಿಗೆ: 237.60 ರೂ.
ಕೈಬಿಡುವ ಹಣ: 1,557.60 ರೂ.

ಹತ್ತು ಮತ್ತು ಹದಿನೆಂಟು ಕೂಡಿದರೆ ಇಪ್ಪತ್ತೆಂಟು; ಆದರೆ ಇಲ್ಲಿ ಮೌಲ್ಯದ ಮೇಲೆ ಬಿದ್ದ ಭಾರ ಶೇಕಡಾ 29.8. ಏಕೆಂದರೆ ದರಗಳನ್ನು ಕೂಡಿಸುವುದಲ್ಲ, 1.10ನ್ನು 1.18ರಿಂದ ಗುಣಿಸಬೇಕು. ತೆರಿಗೆಯ ಭಾಗವು ಪರದೇಶದ ಸರಕನ್ನು ಸ್ವದೇಶದ ಸರಕಿಗೆ ಸಮನಾಗಿ ನಿಲ್ಲಿಸುತ್ತದೆ. ಸುಂಕದ ಭಾಗ ಮಾತ್ರ ಪರದೇಶದ ಸರಕಿನ ಮೇಲಿನ ಹೆಚ್ಚಿನ ಹೊರೆ.

ನೆರೆಯ ದೇಶಗಳೊಡನೆ ಒಪ್ಪಂದವಿದ್ದರೆ ಸುಂಕ ಕಡಮೆಯಾಗಬಹುದು. ಶ್ರೀಲಂಕೆಯೊಡನೆ 1998ರಲ್ಲಿ ಮಾಡಿಕೊಂಡ ಒಪ್ಪಂದ 2000ದಲ್ಲಿ ಜಾರಿಗೆ ಬಂದಿತು. ಆದರೆ ಪಾರ್ಸೆಲು ಕೊಲಂಬೊದಿಂದ ಹೊರಟಿತೆಂಬುದಷ್ಟೇ ಸಾಲದು. ಚೀನದಲ್ಲಿ ತಯಾರಾದ ಮಸೂರ ಕೊಲಂಬೊದಲ್ಲಿ ಹೊಸ ಕಾಗದ ಸುತ್ತಿಕೊಂಡ ಮಾತ್ರಕ್ಕೆ ಸಿಂಹಳದ ಸರಕಾಗದು. ಸರಕಿನ ಮೂಲಕ್ಕೆ ಪ್ರಮಾಣಪತ್ರ ಬೇಕು.

ಪೊಟ್ಟಣದ ಮೇಲೆ 'ಉಡುಗೊರೆ' ಎಂದು ಬರೆಸಿದರೆ ಸುಂಕ ತಪ್ಪುವುದೆಂದು ಕೆಲವರು ಭಾವಿಸುತ್ತಾರೆ. 2019ರ ಡಿಸೆಂಬರಿನಲ್ಲಿ ಹೊರಟ ಪ್ರಕಟಣೆಯು ಅಂಚೆ, ಕೊರಿಯರುಗಳ ಮೂಲಕ ಉಡುಗೊರೆಯೆಂದು ಸರಕು ತರಿಸುವುದನ್ನು ನಿಷೇಧಿಸಿತು. ಜೀವರಕ್ಷಕ ಔಷಧ ಮತ್ತು ರಾಖಿಗೆ ಮಾತ್ರ ವಿನಾಯಿತಿ ಕೊಟ್ಟಿತು. ಬೆಲೆಯನ್ನು ತಗ್ಗಿಸಿ ಬರೆಸಿದರೆ ಸರಕು ಮುಟ್ಟುಗೋಲಾಗಬಹುದು, ದಂಡವೂ ಬೀಳಬಹುದು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲವೆಂಬ ಗಾದೆ ಇಲ್ಲಿಯೂ ಸಲ್ಲುತ್ತದೆ. ಆದುದರಿಂದ ಹಣ ಕಳುಹಿಸುವ ಮೊದಲೇ ಲೆಕ್ಕ ಹಾಕುವುದು ಜಾಣತನ.

ಅಭ್ಯಾಸ: ಬೆಲೆ 2,000 ರೂ., ಸಾಗಣೆ ಮತ್ತು ವಿಮೆ 500 ರೂ.; ದರಗಳು ಮೇಲಿನವೇ. ಒಟ್ಟು ವೆಚ್ಚವೆಷ್ಟು? (ಉತ್ತರ: 3,245 ರೂ.)